ಒತ್ತಾಯದ ಅಪ್‌ಡೇಟ್ ಆದ್ಮೇಲೆ ಹಳೇ ಎಲೆಕ್ಟ್ರಿಕ್ ಕಾರಿನ ರೇಂಜ್ ಕಮ್ಮಿಯಾಗಿದೆ, ನನ್ನನ್ನ ಕೇಳದೆ ಹೀಗೆ ಮಾಡಬಹುದಾ?

ಪ್ರಶ್ನೆ: ನನ್ನ ಹತ್ರ 2018ರ ಮಾಡೆಲ್ ಎಲೆಕ್ಟ್ರಿಕ್ ಕಾರಿದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬ್ಯಾಟರಿ ವಾರಂಟಿ ಮುಗಿಯೋಕೆ ಇನ್ನು ಏಳು ತಿಂಗಳಿದೆ. ಹೋದ ತಿಂಗಳು ಸ್ಕ್ರೀನ್ ಮೇಲೆ "ಕಡ್ಡಾಯ ಸೇಫ್ಟಿ ಅಪ್‌ಡೇಟ್" ಅಂತ ಬಂತು, ಎರಡು ಸಲ "ಆಮೇಲೆ" ಅಂತ ಒತ್ತಿದೆ, ಮೂರನೇ ಸಲ ಆ ಬಟನ್ನೇ ಇರಲಿಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಫುಲ್ ಚಾರ್ಜ್‌ಗೆ 310 ಕಿ.ಮೀ. ತೋರಿಸ್ತಿದ್ದ ಕಾರು 276 ತೋರಿಸ್ತಿದೆ, ಫಾಸ್ಟ್ ಚಾರ್ಜಿಂಗೂ ಮುಂಚಿಗಿಂತ ನಿಧಾನ. ಸರ್ವಿಸ್ ಸೆಂಟರ್‌ನಲ್ಲಿ "ಬ್ಯಾಟರಿಗೆ ವಯಸ್ಸಾಯ್ತು ಅಷ್ಟೇ" ಅಂತಾರೆ. ಈಗ ಇನ್ನೊಂದು ಅಪ್‌ಡೇಟ್ ಬಂದು ಕೂತಿದೆ. ನನ್ನ ಒಪ್ಪಿಗೆ ಇಲ್ಲದೆ ಇದನ್ನ ಮಾಡೋ ಹಕ್ಕು ಅವರಿಗಿದೆಯಾ? ಹಳೇ ಸಾಫ್ಟ್‌ವೇರ್ ವಾಪಸ್ ಹಾಕಿಸ್ಕೋಬಹುದಾ? ಹೊಸದನ್ನ ತಡೀಬಹುದಾ?

ಉತ್ತರ: ನೀವು ಕೇಳಿರೋದ್ರಲ್ಲಿ ಮೂರು ಪ್ರಶ್ನೆ ಇದೆ, ಆದ್ರೆ ಮೂರಕ್ಕೂ ಮುಂಚೆ ಸರ್ವಿಸ್ ಸೆಂಟರ್‌ನವರು ಹೇಳಿದ ಆ ಒಂದು ಮಾತನ್ನ ಪಕ್ಕಕ್ಕಿಡ್ಬೇಕು. ಬ್ಯಾಟರಿಗೆ ವಯಸ್ಸಾಗೋದು ರಾತ್ರಿ ಬೆಳಗಾಗೋದ್ರೊಳಗೆ ಅಲ್ಲ. ಲಿಥಿಯಂ ಬ್ಯಾಟರಿ ತಿಂಗಳುಗಟ್ಟಲೆ ವರ್ಷಗಟ್ಟಲೆ ಚೂರು ಚೂರೇ ಸವೀತಾ ಹೋಗತ್ತೆ, ಮಲಗುವಾಗ 310 ಇದ್ದದ್ದು ಏಳುವಾಗ 276 ಆಗಿದೆ ಅಂದ್ರೆ ಶೇಕಡ 11ರಷ್ಟು ಒಂದೇ ರಾತ್ರೀಲಿ ಹೋಗಿದೆ, ಅದೂ ಅಪ್‌ಡೇಟ್ ಆದ ರಾತ್ರೀಲೇ, ಅಂದ್ಮೇಲೆ ಅದಕ್ಕೆ ಕಾರಣ ಸಾಫ್ಟ್‌ವೇರ್‌ನಲ್ಲೇ ಹುಡುಕ್ಬೇಕು. ನಾನು ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದ್ರೆ ಬಿಎಂಎಸ್ (ಬ್ಯಾಟರಿ ಎಷ್ಟು ತುಂಬ್ಬೇಕು, ಎಷ್ಟು ಉಳಿದಿದೆ ಅಂತ ನೋಡ್ಕೊಳ್ಳೋ ಕಂಪ್ಯೂಟರ್), ಅದರ ಸಾಫ್ಟ್‌ವೇರ್ ಕೆಲಸ ತುಂಬಾ ವರ್ಷ ಮಾಡಿದೀನಿ, ಆ ಅನುಭವದ ಮೇಲೇ ಇದನ್ನ ಹೇಳ್ತಿದೀನಿ.

ಆದ್ರೆ ಅಲ್ಲೂ ಎರಡು ಬೇರೆ ಬೇರೆ ಸಾಧ್ಯತೆ ಇದೆ, ಇದನ್ನ ಬೇರ್ಪಡಿಸದೇ ಜಗಳಕ್ಕೆ ಹೋದ್ರೆ ಮೊದಲನೇ ಮಾತಲ್ಲೇ ನಿಮ್ಮ ಬಾಯಿ ಮುಚ್ಚಿಸ್ತಾರೆ. ಒಂದು, ಬ್ಯಾಟರಿ ಇದ್ದಷ್ಟೇ ಇದೆ, ಲೆಕ್ಕ ಮಾತ್ರ ಬದಲಾಗಿದೆ. ಸ್ಕ್ರೀನ್ ಮೇಲೆ ಕಾಣೋ ಕಿಲೋಮೀಟರ್ ಅಳತೆ ಮಾಡಿದ್ದಲ್ಲ, ಬಿಎಂಎಸ್ ಕಟ್ಟಿದ ಅಂದಾಜು. ಈ ಅಂದಾಜು ತಪ್ಪಿರಬಹುದು, ಅಪ್‌ಡೇಟ್ ಅದನ್ನ ಸರಿ ಮಾಡಿರಬಹುದು. ನಿಸಾನ್ ಲೀಫ್ ಕಾರಿನ 30 ಕಿಲೋವ್ಯಾಟ್-ಅವರ್ ಮಾಡೆಲ್‌ನಲ್ಲಿ ಹೀಗೇ ಆಗಿತ್ತು, ಆದ್ರೆ ಉಲ್ಟಾ. ಬ್ಯಾಟರಿ ಬೇಗ ಬೇಗ ಸವೀತಿದೆ ಅಂತ ಕಾರೇ ತೋರಿಸ್ತಿತ್ತು, ನ್ಯೂಜಿಲೆಂಡ್‌ನಲ್ಲಿ ಮಾಲೀಕರ ಕಾರುಗಳಿಂದ ಸೇರಿಸಿದ ಡೇಟಾದಲ್ಲೂ ಹಂಗೇ ಕಂಡಿತ್ತು, ಕಡೆಗೆ 2018ರಲ್ಲಿ ಬಿಎಂಎಸ್ ಲೆಕ್ಕದಲ್ಲೇ ತಪ್ಪಿದೆ ಅಂತ ಕಂಪ್ನಿ ಒಪ್ಕೊಂಡು ಅಪ್‌ಡೇಟ್ ಕೊಡ್ತು, ಹಾಕಿಸ್ಕೊಂಡವರಿಗೆ ಕಳ್ಕೊಂಡಿದೀವಿ ಅನ್ಕೊಂಡಿದ್ದ, ಬ್ಯಾಟರಿ ಸಾಮರ್ಥ್ಯ ತೋರಿಸೋ ಬಾರ್‌ಗಳು ವಾಪಸ್ ಬಂದ್ವು. ಅವರೆಲ್ಲ ಅಪ್‌ಡೇಟ್ ಬೇಡ ಅಂತ ಕೂತಿದ್ರೆ ಅವರಿಗೇ ನಷ್ಟ ಆಗ್ತಿತ್ತು. ಎರಡನೇದು, ನಿಜವಾಗ್ಲೂ ಬ್ಯಾಟರಿಯ ಮೇಲ್ತುದೀನ ಕತ್ತರಿಸಿದಾರೆ, ಅಂದ್ರೆ ಮುಂಚೆ ಎಷ್ಟು ವೋಲ್ಟ್‌ವರೆಗೆ ತುಂಬ್ತಿತ್ತೋ ಈಗ ಅದಕ್ಕಿಂತ ಕೆಳಗೇ ನಿಲ್ಲಿಸಿ ಅದನ್ನೇ ನೂರು ಪರ್ಸೆಂಟ್ ಅಂತ ತೋರಿಸ್ತಿದಾರೆ. ಫಾಸ್ಟ್ ಚಾರ್ಜಿಂಗೂ ನಿಧಾನ ಆಗಿದೆ ಅಂತ ನೀವು ಬರೆದಿರೋದ್ರಿಂದ ನಿಮ್ಮದು ಎರಡನೇ ಥರದ್ದೇ ಇರಬಹುದು ಅಂತ ನನಗೆ ಅನ್ಸತ್ತೆ, ಯಾಕಂದ್ರೆ ಬರೀ ಲೆಕ್ಕ ತಿದ್ದಿದ್ರೆ ಚಾರ್ಜಿಂಗ್ ಸ್ಪೀಡ್ ಮುಟ್ಟೋ ಅಗತ್ಯ ಇರಲ್ಲ.

ಪತ್ತೆ ಮಾಡೋದು ಕಷ್ಟ ಏನಲ್ಲ. ಡ್ಯಾಶ್‌ಬೋರ್ಡ್ ಕೆಳಗಿರೋ ಓಬಿಡಿ ಪೋರ್ಟ್‌ಗೆ (ಮೆಕ್ಯಾನಿಕ್‌ಗಳು ಕಾರಿನ ದೋಷ ಓದೋಕೆ ಬಳಸೋ ಸಾಕೆಟ್) ಒಂದು ಚಿಕ್ಕ ಬ್ಲೂಟೂತ್ ಅಡಾಪ್ಟರ್ ಚುಚ್ಚಿ ನಿಮ್ಮ ಮಾಡೆಲ್‌ಗೆ ಆಗೋ ಆಪ್‌ನಲ್ಲಿ ನೋಡಿದ್ರೆ ಪ್ಯಾಕ್ ವೋಲ್ಟೇಜ್, ಒಂದೊಂದು ಸೆಲ್‌ನ ವೋಲ್ಟೇಜ್ ಎರಡೂ ಕಾಣತ್ತೆ. ನಿಕಲ್ ಇರೋ ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್ ಹತ್ರ ಇರತ್ತೆ. ಎಷ್ಟೋ ಕಾರುಗಳಲ್ಲಿ ಇಂಥ 96 ಸೆಲ್ ಅಥವಾ ಸೆಲ್ ಗುಂಪುಗಳು ಸಾಲಾಗಿ ಇರತ್ತೆ, ಅಲ್ಲಿಗೆ ಇಡೀ ಪ್ಯಾಕ್ 403 ವೋಲ್ಟ್ ಆಯ್ತು. ಒಂದು ಸೆಲ್‌ಗೆ 4.1ರಲ್ಲೇ ನಿಲ್ಲಿಸಿ ಅಂತ ಸಾಫ್ಟ್‌ವೇರ್ ಹೇಳಿದ್ರೆ ಪ್ಯಾಕ್ 394ರ ಹತ್ರ ನಿಲ್ಲತ್ತೆ. ನೋಡೋಕೆ 9 ವೋಲ್ಟ್ ಅಷ್ಟೇ, ಆದ್ರೆ ಸಾಮರ್ಥ್ಯದ ಲೆಕ್ಕದಲ್ಲಿ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ಹೋಯ್ತು, ನಿಮ್ಮ 34 ಕಿಲೋಮೀಟರ್‌ಗೆ ಸರಿಯಾಗಿ ಹೊಂದೋ ನಂಬರ್ ಅದು. (ಕೆಲವು ಕಾರುಗಳಲ್ಲಿ ಮೊದಲಿಂದಲೂ ಮೇಲೆ ಸ್ವಲ್ಪ ಜಾಗ ಬಿಟ್ಟಿರ್ತಾರೆ, ಐರನ್ ಫಾಸ್ಫೇಟ್ ಬ್ಯಾಟರಿ ಆದ್ರೆ ವೋಲ್ಟೇಜೇ ಬೇರೆ, ಅದಕ್ಕೆ ನಿಮ್ಮ ಮಾಡೆಲ್‌ನ ಅಪ್‌ಡೇಟ್ ಆಗದೇ ಇರೋ ಇನ್ನೊಂದು ಕಾರಿನ ರೀಡಿಂಗ್ ಸಿಕ್ಕಿದ್ರೆ ಹೋಲಿಸಿ, ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ.) ಅಡಾಪ್ಟರ್ ಬೇಡ ಅಂದ್ರೆ ಕಾರನ್ನ ಹತ್ತು ಪರ್ಸೆಂಟ್‌ವರೆಗೆ ಇಳಿಸಿ ಅಲ್ಲಿಂದ ನೂರವರೆಗೆ ಒಂದೇ ಚಾರ್ಜರ್‌ನಲ್ಲಿ ತುಂಬಿಸಿ ಎಷ್ಟು ಯೂನಿಟ್ ತಗೊಳ್ತು ಅಂತ ಬರ್ಕೊಳ್ಳಿ, ಹಳೇ ಬಿಲ್ ಇಟ್ಕೊಂಡಿದ್ರೆ ಅದ್ರ ಪಕ್ಕ ಇಡಿ.

ಈಗ ಕಂಪ್ನಿಗಳು ಹೀಗೆ ಯಾಕೆ ಮಾಡ್ತವೆ ಅನ್ನೋದು. ಇದನ್ನ ನಾನು ಅವರ ಪರ ಮಾತಾಡೋಕೆ ಹೇಳ್ತಿಲ್ಲ, ನಿಮಗೆ ಗೊತ್ತಿರಬೇಕು ಅಂತ ಹೇಳ್ತಿದೀನಿ. ಸೆಲ್ ತುಂಬಿದಷ್ಟೂ ಒಳಗೆ ಒತ್ತಡ ಜಾಸ್ತಿ, ಶಾರ್ಟ್ ಆದ್ರೆ ಹೊರಗೆ ಬರೋ ಶಕ್ತಿಯೂ ಜಾಸ್ತಿ. ಚಳೀಲಿ ಜೋರಾಗಿ ಚಾರ್ಜ್ ಮಾಡಿದ್ರೆ ಲಿಥಿಯಂ ಒಳಗೆ ಹೋಗ್ಬೇಕಾದ ಕಡೆ ಹೋಗದೆ ಲೋಹವಾಗಿ ಮೇಲೆ ಮೆತ್ಕೊಳ್ಳತ್ತೆ, ಸೆಲ್ ಹಳೇದಾದಷ್ಟೂ ಇದಕ್ಕೆ ಅವಕಾಶ ಹೆಚ್ಚು. ಹಾಗಾಗಿ ಮೇಲಿನ ವೋಲ್ಟೇಜ್ ಇಳಿಸೋದು, ಫಾಸ್ಟ್ ಚಾರ್ಜಿಂಗ್ ಕರೆಂಟ್ ಇಳಿಸೋದು, ಎರಡೂ ನಿಜವಾಗ್ಲೂ ಅಪಾಯ ಕಮ್ಮಿ ಮಾಡೋ ಕ್ರಮಗಳೇ. ಸುಳ್ಳಲ್ಲ.

ಆದ್ರೆ ಕಮ್ಮಿ ಮಾಡತ್ತೆ, ಹೋಗಲಾಡಿಸಲ್ಲ. ಇದು ಗಾಯಕ್ಕೆ ಕಟ್ಟೋ ಪಟ್ಟಿ ಥರ, ಒಳಗಿನ ಮೂಳೆ ಮುರಿದಿದ್ರೆ ಪಟ್ಟಿ ಏನೂ ಮಾಡಲ್ಲ. ಹುಂಡೈ ಕೋನಾ ಎಲೆಕ್ಟ್ರಿಕ್ ನೆನಪಿರಬಹುದು ನಿಮಗೆ. 2020ರ ಅಕ್ಟೋಬರ್‌ನಲ್ಲಿ ಬೆಂಕಿ ಪ್ರಕರಣಗಳಿಂದಾಗಿ ದಕ್ಷಿಣ ಕೊರಿಯಾದಲ್ಲಿ ರೀಕಾಲ್ ಮಾಡಿ (ದೋಷ ಸರಿ ಮಾಡೋಕೆ ಮಾರಿದ ಕಾರುಗಳನ್ನ ವಾಪಸ್ ಕರೆದು) ಬಿಎಂಎಸ್ ಅಪ್‌ಡೇಟ್ ಹಾಕಿದ್ರು, 2021ರ ಜನವರೀಲಿ ಡೇಗು ನಗರದಲ್ಲಿ ಆ ಅಪ್‌ಡೇಟ್ ಆಗಿದ್ದ ಕಾರೇ ಹೊತ್ಕೊಳ್ತು. ಮುಂದಿನ ತಿಂಗಳೇ ಜಗತ್ತಿನಾದ್ಯಂತ ಸುಮಾರು 82,000 ವಾಹನಗಳ ಬ್ಯಾಟರೀನೇ ಬದಲಾಯಿಸ್ತೀವಿ ಅಂತ ಘೋಷಿಸ್ಬೇಕಾಯ್ತು, ಖರ್ಚು ಒಂದು ಲಕ್ಷ ಕೋಟಿ ವೊನ್. ಷೆವರ್ಲೆ ಬೋಲ್ಟ್‌ದೂ ಅದೇ ದಾರಿ. 2020ರ ನವೆಂಬರ್‌ನಲ್ಲಿ ಮೊದಲು ಶೇಕಡ 90ಕ್ಕೆ ಚಾರ್ಜ್ ನಿಲ್ಲಿಸೋ ಸಾಫ್ಟ್‌ವೇರ್, ಆಮೇಲೆ 2021ರಲ್ಲಿ ಗೊತ್ತಾಯ್ತು ಕೆಲವು ಸೆಲ್‌ಗಳಲ್ಲಿ ಆನೋಡ್ ಟ್ಯಾಬ್ (ಸೆಲ್‌ನಿಂದ ಕರೆಂಟ್ ಹೊರಗೆ ತರೋ ಲೋಹದ ತುಂಡು) ಹರಿದಿದೆ, ಜೊತೆಗೆ ಸೆಪರೇಟರ್ (ಎರಡು ಧ್ರುವ ಒಂದಕ್ಕೊಂದು ತಾಗದ ಹಾಗೆ ತಡೆಯೋ ತೆಳು ಪದರ) ಮಡಚ್ಕೊಂಡಿದೆ, ಈ ಎರಡೂ ದೋಷ ಒಂದೇ ಸೆಲ್‌ನಲ್ಲಿ ಸೇರಿದ್ರೆ ಬೆಂಕಿ. ಹರಿದ ಟ್ಯಾಬನ್ನ ಯಾವ ಸಾಫ್ಟ್‌ವೇರ್ ಹೊಲಿಯತ್ತೆ? ಕಡೆಗೆ ಅಲ್ಲಿವರೆಗೆ ತಯಾರಾದ ಎಲ್ಲಾ ಬೋಲ್ಟ್, ಸುಮಾರು 1,42,000 ಕಾರು ರೀಕಾಲ್ ಆಯ್ತು, ಹಳೇ ವರ್ಷದ ಕಾರುಗಳಿಗೆ ಹೊಸ ಬ್ಯಾಟರಿ ಮಾಡ್ಯೂಲ್ ಹಾಕಿಕೊಟ್ರು. ಆಮೇಲಿನ ವರ್ಷಗಳ ಕೆಲವು ಕಾರಿಗೆ 2023ರಲ್ಲಿ ಒಂದು ಬೇರೆ ಉಪಾಯ ತಂದ್ರು, ಸುಮಾರು 10,000 ಕಿ.ಮೀ. ಓಡೋವರೆಗೆ ಶೇಕಡ 80ಕ್ಕೆ ಮಿತಿ ಹಾಕಿ ಅಷ್ಟರೊಳಗೆ ಸಾಫ್ಟ್‌ವೇರ್ ದೋಷ ಹುಡುಕತ್ತೆ, ಏನೂ ಸಿಗದಿದ್ರೆ ಮಿತಿ ತಾನಾಗೇ ಬಿಟ್ಟುಹೋಗತ್ತೆ, ಸಿಕ್ಕಿದ್ರೆ ಬ್ಯಾಟರಿ ಬದಲಾವಣೆ. ಮಾಲೀಕರಿಗೆ ಆ ಎಂಬತ್ತು ಇಷ್ಟ ಆಗಿಲ್ಲ ಸರಿ, ಆದ್ರೆ ಎಷ್ಟು ಕಿತ್ಕೊಂಡ್ರು, ಎಲ್ಲಿವರೆಗೆ, ಆಮೇಲೆ ಏನು, ಮೂರೂ ಮೊದಲೇ ಬರವಣಿಗೇಲಿತ್ತು. ನಿಮ್ಮ ವಿಷಯದಲ್ಲಿ ಇಲ್ಲದೇ ಇರೋದು ಅದೇನೇ.

ಹಿಂದೆ ಇದಕ್ಕಿಂತ ಚೆನ್ನಾಗಿ ಆಗಿದ್ದೂ ಇದೆ. 2013ರ ಕೊನೇಲಿ ಟೆಸ್ಲಾ ಮಾಡೆಲ್ ಎಸ್ ಕಾರುಗಳು ರಸ್ತೆ ಮೇಲಿನ ವಸ್ತುಗಳಿಗೆ ತಳ ಬಡಿದು ಹೊತ್ಕೊಂಡಾಗ, ಏರ್ ಸಸ್ಪೆನ್ಷನ್ (ಕಾರಿನ ಎತ್ತರ ಏರಿಸಿ ಇಳಿಸೋ ವ್ಯವಸ್ಥೆ) ಹೈವೇಲಿ ಜಾಸ್ತಿ ಕೆಳಗಿಳಿಯದ ಹಾಗೆ ಗಾಳೀಲೇ, ಅಂದ್ರೆ ಇಂಟರ್ನೆಟ್ ಮೂಲಕ, ಅಪ್‌ಡೇಟ್ ಕಳಿಸಿದ್ರು. ಕೆಲವರು ಸಿಟ್ಟಾದ್ರು, ಕಾರಿನ ಗುಣವೇ ಬದಲಾಯ್ತು ಅಂತ. ಆದ್ರೆ ಕೆಲವೇ ತಿಂಗಳಲ್ಲಿ ಆ ಕಂಟ್ರೋಲ್ ವಾಪಸ್ ಕೊಟ್ರು, 2014ರ ಮಾರ್ಚ್‌ನಲ್ಲಿ ತಳಕ್ಕೆ ಟೈಟಾನಿಯಂ ತಡೆ ಹಾಕೋಕೆ ಶುರು ಮಾಡಿದ್ರು. ಮೊದಲು ಸಾಫ್ಟ್‌ವೇರ್, ಹಿಂದೆಯೇ ಹಾರ್ಡ್‌ವೇರ್. ಬೆಂಕಿ ವಿಷಯದಲ್ಲಿ ನಾನು ಒಪ್ಪೋ ಕ್ರಮ ಇದೊಂದೇ.

ಅದೇ ಕಂಪ್ನಿ 2019ರಲ್ಲಿ ಮಾಡಿದ್ದು ನಿಮ್ಮ ಕಥೆಗೆ ತೀರಾ ಹತ್ರದ್ದು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಆ ವರ್ಷ ಏಪ್ರಿಲ್‌ನಲ್ಲಿ ಶಾಂಘೈನಲ್ಲಿ, ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ನಿಂತಿದ್ದ ಮಾಡೆಲ್ ಎಸ್‌ಗಳು ಹೊತ್ತಿ ಉರಿದ್ವು. ಮೇನಲ್ಲೇ ಹಳೇ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳಿಗೆ ಅಪ್‌ಡೇಟ್ ಹೋಯ್ತು, ಬ್ಯಾಟರಿ ರಕ್ಷಣೆಗೆ, ಬಾಳಿಕೆಗೆ ಅಂತ. ಎಷ್ಟೋ ಮಾಲೀಕರಿಗೆ ರಾತ್ರೋರಾತ್ರಿ ರೇಂಜ್ ಹೋಯ್ತು, ಎಷ್ಟು ಹೋಗತ್ತೆ ಅಂತ ಯಾರೂ ಮೊದಲೇ ಹೇಳಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದೇ ಆಗಸ್ಟ್‌ನಲ್ಲಿ ಕೇಸ್ ಬಿತ್ತು, 2021ರಲ್ಲಿ 15 ಲಕ್ಷ ಡಾಲರ್‌ಗೆ ರಾಜಿ ಆಯ್ತು, 1,743 ಕಾರು, ಒಂದೊಂದಕ್ಕೆ 625 ಡಾಲರ್. ಕೋರ್ಟ್ ಕಾಗದದಲ್ಲಿ ಇರೋ ಪ್ರಕಾರ ಗರಿಷ್ಠ ವೋಲ್ಟೇಜ್‌ಗೆ ಹಾಕಿದ ಮಿತಿಯಿಂದ ಮೊದಲ ಮೂರು ತಿಂಗಳು ಸುಮಾರು ಶೇಕಡ 10, ಆಮೇಲೆ ಇನ್ನೊಂದು ಏಳು ತಿಂಗಳು ಸುಮಾರು ಶೇಕಡ 7 ಕಮ್ಮಿ ಆಗಿತ್ತು, 2020ರ ಮಾರ್ಚ್‌ನಲ್ಲಿ ಅದನ್ನ ಬಿಡಿಸೋ ಅಪ್‌ಡೇಟ್ ಬಂತು, ಬಹುಪಾಲು ಕಾರುಗಳಿಗೆ ಪೂರ್ತಿ ವಾಪಸ್ ಸಿಕ್ತು, 57 ಕಾರಿಗೆ ಬ್ಯಾಟರಿ ಬದಲಾಯ್ತು. ನಾರ್ವೆಯಲ್ಲಿ ಇದೇ ವಿಷಯಕ್ಕೆ ಸುಮಾರು 30 ಜನ ಸಂಧಾನ ಮಂಡಳಿಗೆ ಹೋದ್ರು, ಕಂಪ್ನಿ ಉತ್ತರಾನೇ ಕೊಡಲಿಲ್ಲ, 2021ರಲ್ಲಿ ಮಂಡಳಿ ತಲಾ 1,36,000 ಕ್ರೋನರ್ ಕೊಡಿ ಅಂತ ಹೇಳ್ತು. ಎರಡು ಕಡೆಯ ಮೊತ್ತ ಹೋಲಿಸಿ ನೋಡಿ, ಅಮೆರಿಕದ 625 ಡಾಲರ್ ಎಲ್ಲಿ, ನಾರ್ವೆಯ ಮೊತ್ತ ಎಲ್ಲಿ (ಆಗಿನ ಲೆಕ್ಕಕ್ಕೆ ಸುಮಾರು 16,000 ಡಾಲರ್). ಒಂದೇ ನಷ್ಟಕ್ಕೆ ಎಲ್ಲಿ ವಾಸ ಇದೀರ ಅನ್ನೋದ್ರ ಮೇಲೆ ಇಷ್ಟು ವ್ಯತ್ಯಾಸ, ಅಂದ್ರೆ ಈ ವಿಷಯದಲ್ಲಿ ಕಾನೂನು ಇನ್ನೂ ಗಟ್ಟಿಯಾಗಿ ನಿಂತಿಲ್ಲ.

ಫೋನ್‌ನಲ್ಲೂ ಇದೇ ಜಗಳ ನಡೆದಿದೆ. ಆಪಲ್ 2017ರ ಜನವರಿಯ ಅಪ್‌ಡೇಟ್‌ನಲ್ಲಿ ಹಳೇ ಬ್ಯಾಟರಿ ಇರೋ ಐಫೋನ್‌ಗಳ ವೇಗ ಕುಗ್ಗಿಸ್ತು, ಫೋನ್ ಇದ್ದಕ್ಕಿದ್ದಂಗೆ ಆಫ್ ಆಗೋದು ತಡೆಯೋಕೆ. ಕಾರಣ ತಾಂತ್ರಿಕವಾಗಿ ಸರಿಯೇ ಇತ್ತು. ಆದ್ರೆ ಅದನ್ನ ಜನಕ್ಕೆ ಬಿಡಿಸಿ ಹೇಳಿದ್ದು ಆ ವರ್ಷ ಡಿಸೆಂಬರ್‌ನಲ್ಲಿ, ಅದೂ ಹೊರಗಿನವರು ಪತ್ತೆ ಮಾಡಿದ್ಮೇಲೆ. 2020ರ ಫೆಬ್ರವರೀಲಿ ಫ್ರಾನ್ಸ್ ಹಾಕಿದ 2.5 ಕೋಟಿ ಯೂರೋ ದಂಡ ವೇಗ ಕುಗ್ಗಿಸಿದ್ದಕ್ಕಲ್ಲ, ಗ್ರಾಹಕರಿಗೆ ಹೇಳದೇ ಇದ್ದದ್ದಕ್ಕೆ. ಈ ವ್ಯತ್ಯಾಸ ಮನಸ್ಸಲ್ಲಿಟ್ಕೊಳ್ಳಿ, ಕಂಪ್ನಿಗೆ ಬರೆಯುವಾಗ ಬೇಕಾಗತ್ತೆ. "ಸೇಫ್ಟಿಗೆ ಯಾಕೆ ಮಿತಿ ಹಾಕಿದ್ರಿ" ಅಂತ ಹೋದ್ರೆ ನೀವು ಸೋಲ್ತೀರ. "ನನಗೆ ಯಾಕೆ ಹೇಳಲಿಲ್ಲ, ಯಾವಾಗ ವಾಪಸ್ ಕೊಡ್ತೀರ" ಅಂತ ಹೋದ್ರೆ ಅವರ ಹತ್ರ ಒಳ್ಳೇ ಉತ್ತರ ಇರಲ್ಲ.

ಒಪ್ಪಿಗೆ ವಿಷಯಕ್ಕೆ ಬರೋಣ. ಕಾರು ತಗೊಳ್ಳುವಾಗ ಮೊದಲನೇ ಮಾಲೀಕರು ಉದ್ದದ ಕಾಗದಕ್ಕೆ ಸಹಿ ಹಾಕಿರ್ತಾರೆ, "ಕಾಲಕಾಲಕ್ಕೆ ಸಾಫ್ಟ್‌ವೇರ್ ಬದಲಾಯಿಸೋ ಹಕ್ಕು ನಮಗಿದೆ" ಅನ್ನೋ ಸಾಲು ಅದ್ರಲ್ಲಿರೋದು ಸಾಮಾನ್ಯ, ಕಂಪ್ನಿ ಅದನ್ನೇ ಒಪ್ಪಿಗೆ ಅನ್ನತ್ತೆ. ನೀವು ಸೆಕೆಂಡ್ ಹ್ಯಾಂಡ್ ತಗೊಂಡಿದೀರ, ಆ ಕಾಗದ ನೋಡೂ ಇಲ್ಲ, ಆಪ್‌ಗೆ ಲಾಗಿನ್ ಆಗುವಾಗ ಟಿಕ್ ಒತ್ತಿರ್ತೀರ ಅಷ್ಟೇ. "ಆಮೇಲೆ" ಅಂತ ಎರಡು ಸಲ ಒತ್ತಿದವರನ್ನ ಮೂರನೇ ಸಲ ಆ ಬಟನ್ ತೆಗೆದು ಕೂರಿಸೋದು ಮೂಗು ಹಿಡಿದು ಬಾಯಿ ತೆರೆಸಿದ ಹಾಗೆ. ಅದನ್ನ ಒಪ್ಪಿಗೆ ಅಂತ ಕರೆಯೋಕೆ ನಾನು ತಯಾರಿಲ್ಲ. ಅದನ್ನ "ಕಡ್ಡಾಯ ಕ್ರಮ" ಅಂತ ಕರೀಲಿ, ಕಡ್ಡಾಯ ಅಂದ್ಮೇಲೆ ಕಡ್ಡಾಯ ಮಾಡಿದವರಿಗೆ ಹೊಣೆಯೂ ಇರ್ಬೇಕು.

ಕಾನೂನಿನಲ್ಲಿ ಏನಿದೆ ಅಂದ್ರೆ, ವಿಶ್ವಸಂಸ್ಥೆಯ ವಾಹನ ನಿಯಮ 156 ಅಂತ ಒಂದಿದೆ, 2021ರ ಜನವರೀಲಿ ಜಾರಿಗೆ ಬಂತು, ಪೂರ್ತಿ ವಾಹನದ ಸಾಫ್ಟ್‌ವೇರ್ ಅಪ್‌ಡೇಟ್ ಬಗ್ಗೇನೇ ಇರೋದು. ಗಾಳೀಲಿ ಬರೋ ಅಪ್‌ಡೇಟ್ ಹಾಕೋಕೆ ಮುಂಚೆ ಮಾಲೀಕರಿಗೆ ತಿಳಿಸ್ಬೇಕು, ಯಾಕೆ ಹಾಕ್ತಿದೀವಿ, ಕಾರಿನ ಯಾವ ಕೆಲಸದಲ್ಲಿ ಏನು ಬದಲಾಗತ್ತೆ, ಎಷ್ಟು ಹೊತ್ತು ಬೇಕು, ಆ ಹೊತ್ತಲ್ಲಿ ಏನೇನು ಕೆಲಸ ಮಾಡಲ್ಲ, ಇವೆಲ್ಲ ಹೇಳ್ಬೇಕು, ಮುಗಿದ್ಮೇಲೆ ಆಯ್ತೋ ಇಲ್ವೋ ಹೇಳ್ಬೇಕು, ಮಧ್ಯದಲ್ಲಿ ಕೆಟ್ರೆ ಹಳೇ ವರ್ಷನ್‌ಗೆ ಹೋಗ್ಬೇಕು ಇಲ್ಲಾ ಕಾರನ್ನ ಸುರಕ್ಷಿತ ಸ್ಥಿತೀಲಿ ಇಡ್ಬೇಕು. ಒಳ್ಳೇ ನಿಯಮ. ಆದ್ರೆ ಅದು "ತಿಳಿಸಿ" ಅನ್ನತ್ತೆ, "ಒಪ್ಪಿಗೆ ಪಡೀರಿ" ಅಂತ ಗಟ್ಟಿಯಾಗಿ ಅನ್ನಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಇದು ಕಡ್ಡಾಯ ಆಗಿದ್ದು ಹೊಸ ಮಾದರಿಗಳಿಗೆ 2022ರ ಜುಲೈನಿಂದ, ಎಲ್ಲಾ ಹೊಸ ಕಾರಿಗೆ 2024ರ ಜುಲೈನಿಂದ. ನಿಮ್ಮ 2018ರ ಕಾರು ಅದಕ್ಕೂ ಮುಂಚಿನದು, ಎಲ್ಲಾ ಕಡೆ ಹಳೇ ಕಾರುಗಳು ಬೀಳೋ ಸಂದು ಇದೇ. ಯಾವ ಕಾರುಗಳಿಗೆ ಇಂಥ ಮಿತಿ ಬೀಳೋ ಸಾಧ್ಯತೆ ಜಾಸ್ತಿಯೋ ಅವೇ ಈ ನಿಯಮದ ಹೊರಗಿವೆ, ಇದು ನನಗೆ ತುಂಬಾ ಬೇಜಾರಾಗೋ ಸಂಗತಿ. ಯುರೋಪಿನ ಗ್ರಾಹಕ ಕಾನೂನು, 2019ರ 771ನೇ ನಿರ್ದೇಶನ, ಇನ್ನೊಂದು ಕಡೆಯಿಂದ ಬರತ್ತೆ. ವಸ್ತು ಸರಿಯಾಗಿ ಕೆಲಸ ಮಾಡ್ತಾ ಇರೋಕೆ ಬೇಕಾದ ಅಪ್‌ಡೇಟ್ ಕೊಡೋದು ಮಾರಿದವರ ಜವಾಬ್ದಾರಿ, ಹಾಕೋದು ಬಿಡೋದು ಗ್ರಾಹಕರ ಆಯ್ಕೆ, ಹಾಕದಿದ್ರೆ ಏನಾಗತ್ತೆ ಅಂತ ಸರಿಯಾಗಿ ತಿಳಿಸಿದ್ಮೇಲೂ ಹಾಕದೇ ಹೋದ್ರೆ ಅದರಿಂದಾದ ದೋಷಕ್ಕೆ ಮಾರಿದವರು ಹೊಣೆ ಅಲ್ಲ. ಅದೂ 2022ರಿಂದ ಆದ ಮಾರಾಟಕ್ಕೆ. ನೀವಿರೋ ದೇಶದಲ್ಲಿ ಏನಿದೆ ಅಂತ ಅಲ್ಲಿನ ಗ್ರಾಹಕ ವಕೀಲರನ್ನೇ ಕೇಳ್ಬೇಕು, ಆದ್ರೆ ನೀವು ಕೇಳ್ಬೇಕಾದ ಪ್ರಶ್ನೆಗಳು ಇವೇ.

ಇಲ್ಲಿ ನನ್ನದೇ ಒಂದು ವಿಷಯ ಹೇಳ್ಬೇಕು. ಹಿಂದೆ ನಾನಿದ್ದ ಒಂದು ಟೀಮ್‌ನಲ್ಲಿ ಹಳೇ ಪ್ಯಾಕ್‌ಗಳಿಗೆ ಮೇಲಿನ ಮಿತಿ ಸ್ವಲ್ಪ ಇಳಿಸೋ ಅಪ್‌ಡೇಟ್ ಕಳಿಸಿದ್ವಿ. ಕೆಲಸ ಸರಿಯಾಗೇ ಮಾಡಿದ್ವಿ, ಲ್ಯಾಬ್‌ನಲ್ಲಿ ಊದಿಕೊಂಡ ಸೆಲ್‌ಗಳನ್ನ ಕಣ್ಣಾರೆ ನೋಡಿದ್ದೆ, ಬೇಕೇ ಬೇಕಿತ್ತು ಅದು. ಆದ್ರೆ ಜನಕ್ಕೆ ಹೋದ ನೋಟ್‌ನಲ್ಲಿ "ಬ್ಯಾಟರಿ ಕಾರ್ಯಕ್ಷಮತೆಯಲ್ಲಿ ಸುಧಾರಣೆ" ಅಂತ ಒಂದೇ ಸಾಲು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಾನು ಮೀಟಿಂಗ್‌ನಲ್ಲಿ ಒಂದ್ಸಲ ಕೇಳಿದೆ, ಎಷ್ಟು ಕಮ್ಮಿ ಆಗತ್ತೆ ಅಂತ ಬರೆಯೋಣ್ವಾ ಅಂತ, ಬೇಡ ಜನ ಗಾಬರಿ ಆಗ್ತಾರೆ ಅಂದ್ರು, ನಾನು ಸುಮ್ನಾದೆ. ಆಮೇಲೆ ಬಂದ ದೂರುಗಳಲ್ಲಿ ಒಬ್ರು ಬರೆದಿದ್ರು, ಡಯಾಲಿಸಿಸ್‌ಗೆ ಅಪ್ಪನ್ನ ಕರ್ಕೊಂಡು ಹೋಗಿ ಬರೋ ದೂರಕ್ಕೆ ಈ ಕಾರು ಸರಿಯಾಗಿ ಸಾಕಾಗ್ತಿತ್ತು, ಈಗ ವಾಪಸ್ ಬರುವಾಗ ದಾರೀಲಿ ಚಾರ್ಜ್‌ಗೆ ನಿಲ್ಲಿಸ್ಬೇಕು, ಅವರನ್ನ ಆ ಸ್ಥಿತೀಲಿ ಕಾರಲ್ಲಿ ಕೂರಿಸ್ಕೊಂಡು ಕಾಯ್ಬೇಕು ಅಂತ. ಮೊದಲೇ ಹೇಳಿದ್ರೆ ಬೇರೆ ವ್ಯವಸ್ಥೆ ಮಾಡ್ಕೋತಿದ್ದೆ ಅಂದಿದ್ರು. ನಾನು ಅವತ್ತು ಸುಮ್ನಾಗಿದ್ದು ತಪ್ಪು, ಈಗಲೂ ಹಾಗೇ ಅನ್ಸತ್ತೆ. ಹತ್ತು ಪರ್ಸೆಂಟ್ ಅನ್ನೋದು ಲ್ಯಾಬ್‌ನಲ್ಲಿ ಒಂದು ನಂಬರ್, ಮನೇಲಿ ಅದು ಯಾರದ್ದೋ ದಿನಚರಿ.

ಹಾಗಾದ್ರೆ ಮುಂದಿನ ಅಪ್‌ಡೇಟ್ ತಡೀಬೇಕಾ? ಬೆಂಕಿಗೆ ಸಂಬಂಧಪಟ್ಟದ್ದು ಅಂತ ಖಚಿತ ಆದ್ರೆ ತಡೀಬೇಡಿ. ಒಪ್ಪಿಗೆ ಬಗ್ಗೆ ಇಷ್ಟೆಲ್ಲ ಹೇಳಿ ಇದನ್ನೂ ಹೇಳ್ತಿದೀನಿ, ಯಾಕಂದ್ರೆ ಕಾರು ನಿಮ್ಮದೇ ಆದ್ರೂ ಅದು ನಿಲ್ಲೋ ಜಾಗದ ಮೇಲಿನ ಮಹಡೀಲಿ ಬೇರೆಯವರು ಮಲಗಿರ್ತಾರೆ, ಪಕ್ಕದಲ್ಲಿ ಬೇರೆಯವರ ಕಾರಿರತ್ತೆ, ಅವರನ್ನ ನೀವು ಕೇಳಿರಲ್ಲ. ಲಿಥಿಯಂ ಬೆಂಕಿ ಆರಿಸೋದು ಎಷ್ಟು ಕಷ್ಟ, ಆರಿದ್ಮೇಲೂ ಗಂಟೆಗಟ್ಟಲೆ ಬಿಟ್ಟು ಮತ್ತೆ ಹೊತ್ಕೊಳ್ಳತ್ತೆ ಅನ್ನೋದು ಅಗ್ನಿಶಾಮಕದವರಿಗೆ ಗೊತ್ತು. ನನ್ನ ತಕರಾರು ಇರೋದು ಕಟ್ಟಿಕೊಡೋ ರೀತೀಲಿ. ಬೆಂಕಿ ತಡೆಯೋ ನಾಲ್ಕು ಸಾಲಿನ ಬದಲಾವಣೆ ಜೊತೆ ಹೊಸ ಮೆನು, ಹೊಸ ಮ್ಯಾಪ್, ಡೇಟಾ ಸಂಗ್ರಹದ ಹೊಸ ಷರತ್ತು, ಎಲ್ಲಾ ಒಂದೇ ಮೂಟೇಲಿ ಕಟ್ಟಿ ಮೇಲೆ "ಸೇಫ್ಟಿ" ಅಂತ ಚೀಟಿ ಅಂಟಿಸ್ತಾರೆ. ಸೇಫ್ಟಿ ಬೇರೆ, ಮಿಕ್ಕಿದ್ದು ಬೇರೆ, ಮಿಕ್ಕಿದ್ದಕ್ಕೆ ಬೇಡ ಅನ್ನೋ ಬಟನ್ ಇರಲೇಬೇಕು, ಇದನ್ನ ಮಾಡೋಕೆ ತಾಂತ್ರಿಕವಾಗಿ ಏನೂ ಅಡ್ಡಿ ಇಲ್ಲ. ಬಿಎಂಎಸ್‌ನ ಒಳಗಿನ ಸಾಫ್ಟ್‌ವೇರ್, ಸ್ಕ್ರೀನ್‌ನ ಸಾಫ್ಟ್‌ವೇರ್ ಎರಡೂ ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಓಡೋ ವಸ್ತು.

ಹಳೇ ಕಾರಿಗೆ ಆ ಮಿಕ್ಕಿದ್ದರಿಂದಲೇ ಅಪಾಯ ಇದೆ ಅನ್ನೋದೂ ಗೊತ್ತಿರಲಿ. ಹಳೇ ಮಾಡೆಲ್ ಎಸ್, ಎಕ್ಸ್‌ಗಳ ಸ್ಕ್ರೀನ್ ಕಂಪ್ಯೂಟರ್‌ನಲ್ಲಿ 8 ಜಿಬಿ ಫ್ಲಾಶ್ ಮೆಮೊರಿ ಇತ್ತು, ಅದ್ರ ಮೇಲೆ ಲಾಗ್ (ಕಾರು ತನ್ನ ಕೆಲಸದ ಬಗ್ಗೆ ಇಡೋ ದಾಖಲೆ) ಬರೆದು ಬರೆದು ಮೆಮೊರಿ ಸವೆದುಹೋಗಿ ಸ್ಕ್ರೀನೇ ಸತ್ತುಹೋಗ್ತಿತ್ತು, ರಿವರ್ಸ್ ಕ್ಯಾಮೆರಾ, ಗಾಜಿನ ಮಂಜು ತೆಗೆಯೋ ಕಂಟ್ರೋಲ್ ಎಲ್ಲಾ ಅದ್ರ ಜೊತೆ. 2021ರ ಫೆಬ್ರವರೀಲಿ ಅಮೆರಿಕದಲ್ಲಿ ಸುಮಾರು 1,35,000 ಕಾರು ಇದಕ್ಕೇ ರೀಕಾಲ್ ಆಯ್ತು. ಹೊಸ ಕಾರುಗಳೂ ತಪ್ಪಿಸ್ಕೊಂಡಿಲ್ಲ, 2023ರ ನವೆಂಬರ್‌ನಲ್ಲಿ ಅಮೆರಿಕದ ಎಲೆಕ್ಟ್ರಿಕ್ ವಾಹನ ಕಂಪ್ನಿ ರಿವಿಯನ್‌ನವರು ತಪ್ಪು ಸೆಕ್ಯುರಿಟಿ ಸರ್ಟಿಫಿಕೇಟ್ ಇದ್ದ ಅಪ್‌ಡೇಟ್ ಕಳಿಸಿ ಎಷ್ಟೋ ಕಾರುಗಳ ಸ್ಕ್ರೀನ್ ಕೆಟ್ಟುಹೋಯ್ತು, ಕಾರು ಓಡ್ತಿತ್ತು, ಆದ್ರೆ ಸ್ಕ್ರೀನ್ ಕಪ್ಪು. ಅವರ ಮುಖ್ಯಸ್ಥರೊಬ್ರು ಬೇಗನೇ ಬಹಿರಂಗವಾಗಿ ನಮ್ಮಿಂದ ತಪ್ಪಾಯ್ತು ಅಂತ ಬರೆದ್ರು, ಅದಕ್ಕೆ ನಾನು ಗೌರವ ಕೊಡ್ತೀನಿ.

ಹಳೇ ವರ್ಷನ್ ವಾಪಸ್ ಹಾಕಿಸೋದು ಹೆಚ್ಚಿನ ಕಾರುಗಳಲ್ಲಿ ಆಗಲ್ಲ. ಸಾಫ್ಟ್‌ವೇರ್‌ಗೆ ಕಂಪ್ನಿಯ ಡಿಜಿಟಲ್ ಸಹಿ ಇರತ್ತೆ, ಹಳೇ ನಂಬರ್‌ನ ವರ್ಷನ್ ಬಂದ್ರೆ ಚಿಪ್ಪೇ ಬೇಡ ಅನ್ನೋ ಹಾಗೆ ಬೀಗ ಇರತ್ತೆ. ಆ ಬೀಗಕ್ಕೆ ನ್ಯಾಯವಾದ ಕಾರಣವೂ ಇದೆ, ಹಳೇ ವರ್ಷನ್‌ನಲ್ಲಿರೋ ಭದ್ರತಾ ದೋಷ ಬಳಸಿ ಕಳ್ಳರು ಕಾರಿಗೆ ನುಗ್ಗಬಾರ್ದು ಅಂತ. "ನಾನು ಮಾಡಿಕೊಡ್ತೀನಿ" ಅಂತ ಲ್ಯಾಪ್‌ಟಾಪ್ ಹಿಡ್ಕೊಂಡು ಬರೋರ ಕೈಗೆ ಬಿಎಂಎಸ್ ಕೊಡಬೇಡಿ, ಇದನ್ನ ಕೈ ಮುಗಿದು ಕೇಳ್ಕೋತೀನಿ. ಸ್ಕ್ರೀನ್ ಕೆಟ್ರೆ ಸ್ಕ್ರೀನ್ ಹೋಗತ್ತೆ, ಬಿಎಂಎಸ್ ಕೆಟ್ರೆ ಸೆಲ್ ಮಿತಿ ಮೀರಿ ತುಂಬಿದ್ದು ಯಾರಿಗೂ ಗೊತ್ತಾಗಲ್ಲ. ಆಂಟೆನಾ ಕಿತ್ತುಹಾಕೋದು, ಸಿಮ್ ತೆಗೆಯೋದು ಬೇಡ, ಅಪಘಾತ ಆದಾಗ ತಾನಾಗೇ ಕರೆ ಮಾಡೋ ವ್ಯವಸ್ಥೆ ಇದ್ರೆ ಅದೂ ಹೋಗತ್ತೆ, ಜೊತೆಗೆ ವಾರಂಟಿ ಜಗಳದಲ್ಲಿ ಅದನ್ನೇ ನಿಮ್ಮ ಮೇಲೆ ತಿರುಗಿಸ್ತಾರೆ. ದೊಡ್ಡ ಅಪ್‌ಡೇಟ್ ವೈಫೈಗೆ ಕಾಯೋ ಕಾರಾದ್ರೆ ಕೆಲವು ದಿನ ವೈಫೈ ಆಫ್ ಇಟ್ರೆ ಸಮಯ ಸಿಗತ್ತೆ, ಅಷ್ಟು ಸಾಕು ನಿಮಗೆ.

ಆ ಸಮಯದಲ್ಲಿ ಏನು ಮಾಡ್ಬೇಕು ಅಂದ್ರೆ, ಈಗ ಇರೋ ಸ್ಥಿತೀನ ದಾಖಲೆ ಮಾಡಿ. ಸಾಫ್ಟ್‌ವೇರ್ ನಂಬರ್, ಫುಲ್ ಚಾರ್ಜ್‌ನ ಪ್ಯಾಕ್ ವೋಲ್ಟೇಜ್, ಕಿಲೋಮೀಟರ್, ಓಡೋಮೀಟರ್ ಎಲ್ಲಾ ಒಂದೇ ದಿನದ ಫೋಟೋದಲ್ಲಿ. ಹಳೇ ಫೋಟೋ, ಆಪ್‌ನ ಹಳೇ ಸ್ಕ್ರೀನ್‌ಶಾಟ್, ಮನೆಯವರಿಗೆ "310 ಇದೆ ಬರ್ತೀನಿ" ಅಂತ ಕಳಿಸಿದ ಮೆಸೇಜ್ ಇದ್ರೂ ಎತ್ತಿಟ್ಕೊಳ್ಳಿ, ತಾರೀಖು ಇರೋ ಯಾವುದೂ ಚಿಕ್ಕದಲ್ಲ. ಆಮೇಲೆ ಸರ್ವಿಸ್ ಸೆಂಟರ್‌ಗಲ್ಲ, ಕಂಪ್ನಿಯ ಗ್ರಾಹಕ ವಿಭಾಗಕ್ಕೆ ಬರವಣಿಗೇಲಿ ಕೇಳಿ, ಈ ಅಪ್‌ಡೇಟ್‌ಗೆ ಮುಂಚೆ ಸೆಲ್‌ನ ಗರಿಷ್ಠ ವೋಲ್ಟೇಜ್ ಎಷ್ಟಿತ್ತು ಈಗೆಷ್ಟು, ಫಾಸ್ಟ್ ಚಾರ್ಜಿಂಗ್ ಮಿತಿ ಬದಲಾಗಿದೆಯಾ, ಇದು ತಾತ್ಕಾಲಿಕವಾ ಶಾಶ್ವತವಾ, ಬೆಂಕಿ ಅಥವಾ ಬೇರೆ ಸುರಕ್ಷತಾ ದೋಷದ ಕಾರಣಕ್ಕೆ ಮಾಡಿದ್ದಾ, ಹಾಗಿದ್ರೆ ಸರ್ಕಾರಿ ಸುರಕ್ಷತಾ ಸಂಸ್ಥೆ ಹತ್ರ ರೀಕಾಲ್ ಅಂತ ದಾಖಲಾಗಿದೆಯಾ, ಅದರ ನಂಬರ್ ಏನು. ಈ ಕೊನೇ ಪ್ರಶ್ನೆ ತುಂಬಾ ಮುಖ್ಯ. ಸುರಕ್ಷತಾ ದೋಷ ಅಂತ ಒಪ್ಕೊಂಡ್ರೆ ಸರಿ ಮಾಡೋ ಹೊಣೆ ಅವರ ಮೇಲೆ ಬೀಳತ್ತೆ, ಹಾರ್ಡ್‌ವೇರ್‌ವರೆಗೆ ಹೋಗ್ಬೇಕಾಗಬಹುದು, ಕೆಲವೊಮ್ಮೆ ಕಾರೇ ವಾಪಸ್ ತಗೋಬೇಕಾಗಬಹುದು, ಅಮೆರಿಕದಲ್ಲಿ 2019ರ ಜಾಗ್ವಾರ್ ಐ-ಪೇಸ್‌ಗಳಿಗೆ 2024ರಲ್ಲಿ ಮೊದಲು ಶೇಕಡ 80ರ ಮಿತಿ ಹಾಕಿ ಆಮೇಲೆ ಕಾರುಗಳನ್ನೇ ವಾಪಸ್ ಕೊಂಡ್ಕೊಳ್ಳೋಕೆ ಮುಂದಾದ್ರು. ದೋಷ ಏನೂ ಇಲ್ಲ ಅಂದ್ರೆ ಹಾಗಾದ್ರೆ ಮಿತಿ ಯಾಕೆ ಹಾಕಿದ್ರಿ ಅನ್ನೋ ಪ್ರಶ್ನೆ ನಿಲ್ಲತ್ತೆ.

ವಾರಂಟಿ ಬಗ್ಗೆ ಒಂದು ಮಾತು, ನಿಮಗೆ ಏಳೇ ತಿಂಗಳು ಇರೋದ್ರಿಂದ. ಎಷ್ಟೋ ಕಂಪ್ನಿಗಳ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಅಷ್ಟರೊಳಗೆ ಸಾಮರ್ಥ್ಯ ಶೇಕಡ 70ಕ್ಕಿಂತ ಕೆಳಗಿಳಿದ್ರೆ ರಿಪೇರಿ ಅಥವಾ ಬದಲಾವಣೆ, ಈ ಥರ ಇರತ್ತೆ. ಪ್ಯಾಕ್‌ನ ಮೇಲ್ತುದಿ ಕತ್ತರಿಸಿದ್ಮೇಲೆ ಆ 70 ಯಾವುದರಲ್ಲಿ 70? ಹೊಸದಾಗಿದ್ದಾಗಿನ ಸಾಮರ್ಥ್ಯದಲ್ಲಾ, ಕತ್ತರಿಸಿದ್ಮೇಲೆ ಉಳಿದದ್ರಲ್ಲಾ? ಸಾಫ್ಟ್‌ವೇರ್ ಮಿತಿಯಿಂದ ಹೋದ ಸಾಮರ್ಥ್ಯ ಸವೆತದ ಲೆಕ್ಕಕ್ಕೆ ಸೇರತ್ತಾ? ಇದನ್ನೂ ಅದೇ ಪತ್ರದಲ್ಲಿ ಕೇಳಿ, ವಾರಂಟಿ ಜೀವಂತ ಇರುವಾಗಲೇ ದೂರು ದಾಖಲಾಗಿದೆ ಅನ್ನೋದಕ್ಕೆ ನಂಬರ್ ತಗೊಳ್ಳಿ, ಮುಗಿದ್ಮೇಲೆ ಎಷ್ಟು ಸರಿಯಾಗಿ ಮಾತಾಡಿದ್ರೂ ಕೇಳೋರಿರಲ್ಲ. ನಿಮ್ಮದೇ ಮಾಡೆಲ್‌ನ ಬೇರೆ ಮಾಲೀಕರು ಸಿಕ್ಕಿದ್ರೆ ಒಟ್ಟಿಗೆ ಬರೀರಿ. ಕ್ಯಾಲಿಫೋರ್ನಿಯಾದಲ್ಲಿ, ನಾರ್ವೆಯಲ್ಲಿ ಕೆಲಸ ಆಗಿದ್ದು ಒಂದೇ ರೀಡಿಂಗ್ ಎಷ್ಟೋ ಕಾರುಗಳಲ್ಲಿ ಕಂಡಿದ್ದಕ್ಕೆ, ಒಂದು ಕಾರಾದ್ರೆ "ನಿಮ್ಮ ಬ್ಯಾಟರಿಗೆ ವಯಸ್ಸಾಯ್ತು" ಅಂತ ಕಳಿಸಿಬಿಡ್ತಾರೆ.

ದಾಖಲೆ ಆದ್ಮೇಲೆ ಬಂದು ಕೂತಿರೋ ಹೊಸ ಅಪ್‌ಡೇಟ್‌ನ ನೋಟ್ ಪೂರ್ತಿ ಓದಿ ಅದ್ರ ಫೋಟೋ ತಗೊಂಡು ಹಾಕ್ಕೊಳ್ಳಿ, ಯಾಕಂದ್ರೆ 2019ರ ಆ ಕಾರುಗಳಿಗೆ ಆದ ಹಾಗೆ ಮಿತಿ ಬಿಡಿಸೋದು ಕೂಡ ಇನ್ನೊಂದು ಅಪ್‌ಡೇಟ್ ರೂಪದಲ್ಲೇ ಬರತ್ತೆ. ಹಾಕುವಾಗ ಕಾರು ಬಯಲಲ್ಲಿರಲಿ, ದೊಡ್ಡ ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ, ಅದಕ್ಕಿಂತ ಮುಖ್ಯವಾಗಿ 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಚೆಕ್ ಮಾಡಿಸಿ, ನಿಮ್ಮದು ಏಳು ವರ್ಷದ ಕಾರು, ಅದು ಒಂದ್ಸಲವೂ ಬದಲಾಗಿಲ್ಲ ಅಂದ್ರೆ ಅಪ್‌ಡೇಟ್ ಮಧ್ಯದಲ್ಲಿ ಕೈ ಕೊಡೋದು ಅದೇ. ಮರುದಿನ ಬೆಳಗ್ಗೆ ಮನೆಗೆ ಹತ್ತಿರದ ಓಡಾಟ ಮಾತ್ರ ಇರೋ ದಿನ ನೋಡ್ಕೊಳ್ಳಿ. ಆಮೇಲೆ ಮತ್ತೆ ಅದೇ ರೀಡಿಂಗ್ ತಗೊಂಡು, ಹಳೇದು ಹೊಸದು ಎರಡೂ ವೋಲ್ಟೇಜ್ ನಂಬರ್, ಕಂಪ್ನಿಯಿಂದ ಬಂದ ಉತ್ತರ ನನಗೆ ಕಳಿಸಿ, 4.2ರಿಂದ 4.1ಕ್ಕೆ ಇಳಿಸಿದಾರಾ ಇಲ್ಲಾ ಬರೀ ಲೆಕ್ಕ ತಿದ್ದಿದಾರಾ ಅನ್ನೋದನ್ನ ಅದ್ರಲ್ಲಿ ನೋಡಿ ಖಚಿತವಾಗಿ ಹೇಳ್ತೀನಿ.